ಓದಿಗೆ ಆಟ ಅಡ್ಡಿಯೇ?

ಬೇಸಿಗೆ ರಜೆ ಮುಗಿದು ಶಾಲೆ ತೆರೆಯುತ್ತಿದ್ದಂತೆ ಅನೇಕ ಮನೆಗಳಲ್ಲಿ ಒಂದೇ ಮಾತು: ‘ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ, ಇನ್ನು ಆಟಗೀಟ ಸಾಕು.’ ಎಂಟನೇ ತರಗತಿಯವರೆಗೆ ಶಾಲಾ ತಂಡದಲ್ಲಿ ಮಿಂಚಿದ ಹುಡುಗ ಒಂಬತ್ತಕ್ಕೆ ಬಂದೊಡನೆ ಟ್ಯೂಷನ್ ಪಾಲಾಗುತ್ತಾನೆ. ಹುಡುಗಿಯಾದರೆ ಅವಳ ಆಟ ಇನ್ನೂ ಮೊದಲೇ ನಿಂತಿರುತ್ತದೆ. ಹೆತ್ತವರ ಆತಂಕ ಅರ್ಥವಾಗದ್ದೇನಲ್ಲ. ಆದರೆ ಓದು ಮತ್ತು ಆಟ ನಿಜವಾಗಿಯೂ ಎಣ್ಣೆ–ಸೀಗೆಕಾಯಿಯೇ?

ಬೆಂಗಳೂರು ದಂಡುಪ್ರದೇಶದ ಕ್ಯಾಥೊಲಿಕ್ ಶಾಲೆಗಳ ಅನುಭವ ಹಾಗೆ ಹೇಳುವುದಿಲ್ಲ. ಮ್ಯೂಸಿಯಂ ರಸ್ತೆಯ ಸೇಂಟ್ ಜೋಸೆಫ್ಸ್ ಬಾಲಕರ ಪ್ರೌಢಶಾಲೆಯನ್ನೇ ನೋಡಬಹುದು. 1858ರಲ್ಲಿ ಫ್ರೆಂಚ್ ಪಾದ್ರಿಗಳು ಆರಂಭಿಸಿದ ಈ ಶಾಲೆ 1937ರಲ್ಲಿ ಜೆಸ್ವಿಟ್ ಸಂಘದ ಕೈಗೆ ಬಂತು. ಅದರ ಧ್ಯೇಯವಾಕ್ಯ ಲ್ಯಾಟಿನ್ ಭಾಷೆಯದು, ‘ಫಿಡೆ ಎಟ್ ಲಬೋರೆ’. ಅಂದರೆ ನಂಬಿಕೆ ಮತ್ತು ದುಡಿಮೆ. ಈ ದುಡಿಮೆ ತರಗತಿಗೆ ಎಷ್ಟೋ ಮೈದಾನಕ್ಕೂ ಅಷ್ಟೇ.

ಬಣ್ಣದ ಅಂಗಿಯಿಂದ ಜಿಲ್ಲೆಯವರೆಗೆ

ಇಂಥ ಶಾಲೆಗಳಲ್ಲಿ ಕ್ರೀಡೆಯ ಬೇರು ಇರುವುದು ‘ಹೌಸ್’ ಪದ್ಧತಿಯಲ್ಲಿ. ಮಕ್ಕಳನ್ನೆಲ್ಲ ಸಾಮಾನ್ಯವಾಗಿ ನಾಲ್ಕು ಪಂಗಡಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದು ಹೆಸರು, ಒಂದು ಬಣ್ಣ ಕೊಡುತ್ತಾರೆ. ಆಟದಲ್ಲಿ ಗೆದ್ದ ಅಂಕ ಆಟಗಾರನಿಗೆ ಮಾತ್ರವಲ್ಲ, ಅವನ ಹೌಸ್‌ಗೂ ಸೇರುತ್ತದೆ. ಆದ್ದರಿಂದ ಓಟದಲ್ಲಿ ಮೂರನೆಯವನಾಗಿ ಬಂದ ಹುಡುಗನೂ ಲೆಕ್ಕಕ್ಕೆ ಬರುತ್ತಾನೆ. ಪಥಸಂಚಲನದಲ್ಲಿ ಹೆಜ್ಜೆ ತಪ್ಪದೆ ನಡೆದವಳೂ ಲೆಕ್ಕಕ್ಕೆ ಬರುತ್ತಾಳೆ.

ಈ ಅಂತರ್ ಹೌಸ್ ಪಂದ್ಯಗಳಲ್ಲಿ ಪಿ.ಟಿ. ಮೇಷ್ಟ್ರ ಕಣ್ಣಿಗೆ ಬಿದ್ದವರು ಶಾಲಾ ತಂಡ ಸೇರುತ್ತಾರೆ. ಅಲ್ಲಿಂದಾಚೆಗೆ ಅಂತರ್ ಶಾಲಾ ಸ್ಪರ್ಧೆಗಳ ಏಣಿ. ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ವಿಭಾಗಗಳನ್ನು ದಾಟಿ ರಾಜ್ಯಮಟ್ಟಕ್ಕೆ ಏರುತ್ತವೆ. ಅಲ್ಲಿ ಆಯ್ಕೆಯಾದವರು ಭಾರತೀಯ ಶಾಲಾ ಕ್ರೀಡಾ ಫೆಡರೇಷನ್‌ನ ರಾಷ್ಟ್ರೀಯ ಕೂಟಕ್ಕೆ ಹೋಗುತ್ತಾರೆ. ಅಲ್ಲಿ 14, 17 ಮತ್ತು 19 ವರ್ಷದೊಳಗಿನವರ ವಿಭಾಗಗಳಿವೆ. ಕ್ರಿಕೆಟ್‌ನಲ್ಲಿ ಶಾಲೆಗಳಿಗೆಂದೇ ರಾಜ್ಯ ಕ್ರಿಕೆಟ್ ಸಂಸ್ಥೆಯ ಬಿ.ಟಿ.ಆರ್. ಷೀಲ್ಡ್‌ನಂಥ ಪಂದ್ಯಾವಳಿಗಳಿವೆ.

‘ಡೇವಿಡ್’ ಆದ ದ್ರಾವಿಡ್

ಸೇಂಟ್ ಜೋಸೆಫ್ಸ್ ತಂಡಕ್ಕೆ ಆಡಿದ ಹುಡುಗರಲ್ಲಿ ರಾಹುಲ್ ದ್ರಾವಿಡ್ ಒಬ್ಬರು. ಶಾಲೆಯಲ್ಲಿ ಅವರು ಹಾಕಿಯನ್ನೂ ಆಡುತ್ತಿದ್ದರು. ಚಿನ್ನಸ್ವಾಮಿ ಕ್ರೀಡಾಂಗಣದ ಬೇಸಿಗೆ ಶಿಬಿರದಲ್ಲಿ ಅವರ ಪ್ರತಿಭೆ ಗುರುತಿಸಿದವರು ಕೇಕಿ ತಾರಾಪೂರ್.

ಶಾಲಾ ದಿನಗಳ ಒಂದು ಪ್ರಸಂಗವನ್ನು ದ್ರಾವಿಡ್ ಅವರು ಶೂಟಿಂಗ್ ಪಟು ಅಭಿನವ್ ಬಿಂದ್ರಾ ಜೊತೆಗಿನ ಮಾತುಕತೆಯಲ್ಲಿ ನೆನಪಿಸಿಕೊಂಡಿದ್ದಾರೆ. ಶಾಲೆಗಾಗಿ ಶತಕ ಬಾರಿಸಿದ ಸುದ್ದಿ ಪತ್ರಿಕೆಯಲ್ಲಿ ಬಂತು. ಆದರೆ ಅಚ್ಚಾದ ಹೆಸರು ‘ರಾಹುಲ್ ಡೇವಿಡ್’! ದ್ರಾವಿಡ್ ಎಂಬ ಹೆಸರು ಇರಲಾರದು, ಇದು ಕಾಗುಣಿತದ ತಪ್ಪೇ ಇರಬೇಕೆಂದು ಸಂಪಾದಕರು ಭಾವಿಸಿದ್ದಿರಬೇಕು. ನೂರು ರನ್ ಹೊಡೆದರೂ ತನ್ನ ಹೆಸರು ಇನ್ನೂ ಯಾರಿಗೂ ಗೊತ್ತಿಲ್ಲ ಎಂಬ ಪಾಠ ಆ ಹುಡುಗನಿಗೆ ಅಂದೇ ಸಿಕ್ಕಿತು.

ಹೆತ್ತವರು ಗಮನಿಸಬೇಕಾದದ್ದು ಮುಂದಿನ ಭಾಗ. 1991ರ ಫೆಬ್ರುವರಿಯಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ವಿರುದ್ಧ ಮೊದಲ ರಣಜಿ ಪಂದ್ಯವಾಡಿ 82 ರನ್ ಗಳಿಸಿದಾಗ ಅವರಿನ್ನೂ ಕಾಲೇಜು ವಿದ್ಯಾರ್ಥಿ. ಆದರೂ ಓದು ಬಿಡಲಿಲ್ಲ. ಸೇಂಟ್ ಜೋಸೆಫ್ಸ್ ವಾಣಿಜ್ಯ ಕಾಲೇಜಿನಲ್ಲಿ ಪದವಿ ಮುಗಿಸಿ, ವ್ಯವಹಾರಾಡಳಿತದ ಓದಿಗೂ ಸೇರಿದ್ದರು. 1996ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ 95 ರನ್ ಗಳಿಸಿ ಟೆಸ್ಟ್ ಜೀವನ ಆರಂಭಿಸಿದ್ದು ಆ ಬಳಿಕ. ಒಂದನ್ನು ಹಿಡಿಯಲು ಇನ್ನೊಂದನ್ನು ಕೈಬಿಡಬೇಕೆಂಬ ನಿಯಮ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹುಡುಗಿಯರಿಗೂ ಇಲ್ಲೇ ಮಾದರಿಯಿದೆ. ದಂಡುಪ್ರದೇಶದ ಸೇಂಟ್ ಫ್ರಾನ್ಸಿಸ್ ಝೇವಿಯರ್ ಬಾಲಕಿಯರ ಪ್ರೌಢಶಾಲೆಯಲ್ಲಿ ಓದಿದ ಕೊಡಗಿನ ಅಶ್ವಿನಿ ಪೊನ್ನಪ್ಪ, 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಜ್ವಾಲಾ ಗುಟ್ಟಾ ಜೊತೆಗೂಡಿ ಚಿನ್ನ ಗೆದ್ದರು. ಮರುವರ್ಷ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು.

ಎಲ್ಲರೂ ದ್ರಾವಿಡ್ ಆಗಬೇಕಿಲ್ಲ

ನಿಜ, ಶಾಲಾ ತಂಡದಲ್ಲಿ ಆಡಿದವರೆಲ್ಲ ಭಾರತಕ್ಕೆ ಆಡುವುದಿಲ್ಲ. ಬಹುಪಾಲು ಮಕ್ಕಳ ಆಟ ಶಾಲೆಯೊಂದಿಗೇ ಮುಗಿಯುತ್ತದೆ. ಆದರೆ ಶಾಲಾ ಕ್ರೀಡೆಯ ಬೆಲೆ ಅಳೆಯಬೇಕಾದದ್ದು ಈ ಮಕ್ಕಳಿಂದಲೇ. ಹನ್ನೆರಡನೆಯ ಆಟಗಾರನಾಗಿ ನೀರು ಹೊತ್ತು ಓಡುವವನು ತನಗಿಂತ ತಂಡ ದೊಡ್ಡದೆಂದು ಕಲಿಯುತ್ತಾನೆ. ಮೊದಲ ಸುತ್ತಿನಲ್ಲೇ ಸೋತವಳು ಎದುರಾಳಿಯ ಕೈಕುಲುಕಿ ಮರುದಿನ ಅಭ್ಯಾಸಕ್ಕೆ ಬರುತ್ತಾಳೆ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ದಿನ ಆಸರೆಯಾಗುವುದು ಈ ಅಭ್ಯಾಸವೇ. ಇದರ ಜೊತೆಗೆ ಆರೋಗ್ಯದ ಮಾತೂ ಉಂಟು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಆದರೆ ಆಡಲು ಜಾಗವೆಲ್ಲಿ? ನಗರದ ಪೂರ್ವದಂಚಿನ ಗರುಡಾಚಾರ್‌ಪಾಳ್ಯದಂಥ ಬಡಾವಣೆಗಳಲ್ಲಿ ಈ ಪ್ರಶ್ನೆ ಹೆಚ್ಚು ಚುಚ್ಚುತ್ತದೆ. ಒಂದು ಕಾಲದ ಹಳ್ಳಿ ಇಂದು ಕಾರ್ಖಾನೆ, ಕಚೇರಿ, ಅಪಾರ್ಟ್‌ಮೆಂಟುಗಳ ನಡುವೆ ಸೇರಿಹೋಗಿದೆ. 2023ರಲ್ಲಿ ಮೆಟ್ರೊ ಬಂದ ಮೇಲೆ ಇಲ್ಲಿನ ಮಕ್ಕಳು ಕೆ.ಆರ್. ಪುರ, ಇಂದಿರಾನಗರ, ಹಲಸೂರು ದಾಟಿ ಎಂ.ಜಿ. ರಸ್ತೆಗೆ ಗಾಡಿ ಬದಲಿಸದೆ ಹೋಗಬಹುದು. ಆದರೆ ದಿನದ ಆಟಕ್ಕೆ ಯಾರೂ ಅಷ್ಟು ದೂರ ಹೋಗಲಾರರು. ಹೀಗಾಗಿ ಇಂಥ ಕಡೆ ಶಾಲೆಯ ಅಂಗಳವೇ ಮಕ್ಕಳ ಪಾಲಿನ ಮೈದಾನ. ಆ ಅಂಗಳದಲ್ಲೂ ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಟ್ಟರೆ ಮಗುವಿಗೆ ಉಳಿಯುವುದೇನು?

ಹೆತ್ತವರು ಶಾಲೆ ಆರಿಸುವಾಗ ಫಲಿತಾಂಶದ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಲಿ: ವಾರಕ್ಕೆ ಎಷ್ಟು ಆಟದ ಪೀರಿಯಡ್? ವರ್ಷಕ್ಕೆ ಎಷ್ಟು ಅಂತರ್ ಶಾಲಾ ಪಂದ್ಯ? ವಿದ್ಯಾರ್ಥಿಗಳೂ ತಮ್ಮ ಪಾಲಿನ ಕೆಲಸ ಮಾಡಬೇಕು. ಪಂದ್ಯದ ದಿನ ತಪ್ಪಿದ ಪಾಠವನ್ನು ಅದೇ ವಾರ ಬರೆದುಕೊಂಡರೆ ಮನೆಯವರ ಅರ್ಧ ಆತಂಕ ತಾನಾಗಿ ಕರಗುತ್ತದೆ. ಹತ್ತನೇ ತರಗತಿಯಲ್ಲಿ ಆಟದ ಹೊತ್ತು ಕಡಿಮೆಯಾಗಲಿ, ಚಿಂತೆಯಿಲ್ಲ. ಪೂರಾ ನಿಲ್ಲುವುದು ಬೇಡ.