ಪಂಕ್ತಿಯಿಂದೆದ್ದ ಪ್ಲೂಟೋ

ಒಂಬತ್ತು ಗ್ರಹಗಳ ಹೆಸರನ್ನು ಉರುಹೊಡೆದು ಶಾಲೆ ದಾಟಿದವರಿಗೆ, ೨೦೦೬ರ ಆಗಸ್ಟ್ ೨೪ರಂದು ಪ್ರಾಗ್ ನಗರದಿಂದ ಬಂದ ವಾರ್ತೆ ವಿಚಿತ್ರವೆನಿಸಿದ್ದರೆ ಆಶ್ಚರ್ಯವಿಲ್ಲ. ಅಂದು ಅಂತರರಾಷ್ಟ್ರೀಯ ಖಗೋಳವಿಜ್ಞಾನ ಒಕ್ಕೂಟದ ಸಭೆಯಲ್ಲಿ ವಿದ್ವಾಂಸರು ಹಳದಿ ಚೀಟಿಗಳನ್ನೆತ್ತಿ ಮತ ನೀಡಿ, ಪ್ಲೂಟೋವನ್ನು ಗ್ರಹಗಳ ಪಂಕ್ತಿಯಿಂದ ಎಬ್ಬಿಸಿದರು.

ಸತ್ಯವನ್ನು ಮತದಿಂದ ನಿರ್ಣಯಿಸಬಹುದೆ ಎಂಬ ಪ್ರಶ್ನೆ ಅಂದಿನಿಂದ ಕೇಳಿಬರುತ್ತಲೇ ಇದೆ. ಆದರೆ ಅಂದು ಮತಕ್ಕೆ ಬಿದ್ದದ್ದು ಸತ್ಯವಲ್ಲ, ಶಬ್ದ. ಪ್ಲೂಟೋವಿನ ಗಾತ್ರವಾಗಲಿ ಗತಿಯಾಗಲಿ ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಗ್ರಹವೆಂಬ ಶಬ್ದದ ಅರ್ಥವಾದರೋ ಹಿಂದೆಯೂ ಬದಲಾಗಿದೆ. ನಮ್ಮ ನವಗ್ರಹಗಳಲ್ಲಿ ಸೂರ್ಯ ಚಂದ್ರರಿದ್ದಾರೆ, ಛಾಯಾಗ್ರಹಗಳಾದ ರಾಹು ಕೇತುಗಳಿದ್ದಾರೆ. ನಾವು ನಿಂತ ಭೂಮಿ ಮಾತ್ರ ಇಲ್ಲ. ಗ್ರೀಕರಿಗೂ ಸೂರ್ಯ ಚಂದ್ರರು ಅಲೆಮಾರಿ ಜ್ಯೋತಿಗಳೇ. ಕೋಪರ್ನಿಕಸನ ತರುವಾಯ ಸೂರ್ಯನು ಆ ಪಂಕ್ತಿಯಿಂದೆದ್ದನು, ಭೂಮಿ ಬಂದು ಕುಳಿತಿತು. ೧೮೦೧ರ ಜನವರಿ ೧ರಂದು ಪಿಯಾಜಿ ಕಂಡ ಸೀರಿಸ್ ಕೂಡ ಕೆಲವು ದಶಕ ಗ್ರಹವೆನಿಸಿತ್ತು. ಅದರ ನೆರೆಯಲ್ಲಿ ಪಲ್ಲಾಸ್, ಜೂನೋ, ವೆಸ್ಟಾ ಮೊದಲಾದ ಬಂಧುಗಳು ಸಾಲುಗಟ್ಟಿದ ಮೇಲೆ ಎಲ್ಲವೂ ಕ್ಷುದ್ರಗ್ರಹಗಳಾದುವು.

ಪ್ಲೂಟೋವಿನ ಕಥೆಯೂ ಇದೇ. ೧೯೩೦ರಲ್ಲಿ ಅಮೆರಿಕದ ಲೋವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟಾಂಬೋ ಅದನ್ನು ಕಂಡುಹಿಡಿದಾಗ ಅದು ಒಂಟಿಯೆನಿಸಿತ್ತು. ೧೯೯೨ರಿಂದೀಚೆಗೆ ಆ ಎಡೆಯ ಕೈಪರ್ ಪಟ್ಟಿಯಲ್ಲಿ ಕಾಯಗಳು ಒಂದರ ಹಿಂದೊಂದು ಕಂಡುವು. ೨೦೦೫ರಲ್ಲಿ ಪ್ರಕಟವಾದ ಏರಿಸ್ ಗಾತ್ರದಲ್ಲಿ ಹೆಚ್ಚುಕಡಿಮೆ ಪ್ಲೂಟೋವಿನಷ್ಟೇ. ದ್ರವ್ಯರಾಶಿಯಲ್ಲಿ ಅದಕ್ಕಿಂತ ಮಿಗಿಲು. ಏರಿಸನ್ನು ಕೂರಿಸಬೇಕು, ಇಲ್ಲವೆ ಪ್ಲೂಟೋವನ್ನು ಎಬ್ಬಿಸಬೇಕು.

ಒಕ್ಕೂಟವು ಮೂರು ಲಕ್ಷಣಗಳನ್ನು ವಿಧಿಸಿತು: ಗ್ರಹವು ಸೂರ್ಯನನ್ನು ಸುತ್ತಬೇಕು, ಸ್ವಂತ ಗುರುತ್ವದಿಂದ ಗುಂಡಗಾಗಿರಬೇಕು, ತನ್ನ ಕಕ್ಷೆಯ ನೆರೆಯನ್ನು ತೆರವು ಮಾಡಿಕೊಂಡಿರಬೇಕು. ಮೂರನೆಯದರಲ್ಲಿ ಸೋತ ಪ್ಲೂಟೋ ಕುಬ್ಜಗ್ರಹವಾಯಿತು.

ವಿರೋಧಿಗಳ ವಾದವೂ ತಳ್ಳಿಹಾಕತಕ್ಕದ್ದಲ್ಲ. ಜಗತ್ತಿನಲ್ಲಿ ಖಗೋಳಜ್ಞರು ಸಹಸ್ರಾರು ಮಂದಿ. ಮತ ನೀಡಿದವರು ಕೆಲವು ನೂರು. ಅನ್ಯ ನಕ್ಷತ್ರಗಳನ್ನು ಸುತ್ತುವ ಸಾವಿರಾರು ಲೋಕಗಳು ಈ ಲಕ್ಷಣದೊಳಗೆ ಬಾರವು. ವಸ್ತುವನ್ನು ಅದರ ಗುಣದಿಂದ ಅಳೆಯಬೇಕಲ್ಲದೆ ನೆರೆಹೊರೆಯಿಂದಲ್ಲ ಎಂಬುದು ಆಲನ್ ಸ್ಟರ್ನ್ ಮೊದಲಾದವರ ನಿಲುವು. ಸ್ಟರ್ನರ ನೇತೃತ್ವದ ನ್ಯೂ ಹೊರೈಜನ್ಸ್ ನೌಕೆ ೨೦೧೫ರ ಜುಲೈ ೧೪ರಂದು ಪ್ಲೂಟೋವಿನ ಬಳಿ ಹಾದಾಗ, ನೀರ್ಗಲ್ಲಿನ ಪರ್ವತಗಳೂ ಹೆಪ್ಪುಗಟ್ಟಿದ ಸಾರಜನಕದ ಬಯಲೂ ಕಂಡುಬಂದುವು. ಇಂಥ ಲೋಕವನ್ನು ಗ್ರಹವೆನ್ನದೆ ಮತ್ತೇನೆನ್ನುವುದು ಎಂದು ಅವರು ಕೇಳಿದರೆ ತಪ್ಪೇನು?

ವಾದ ಯಾವ ಕಡೆಗೆ ಮುಗಿದರೂ, ತರಗತಿಯಲ್ಲಿ ಒಂಬತ್ತನ್ನು ಅಳಿಸಿ ಎಂಟೆಂದು ಬರೆಯಿಸಿ ಮುಂದೆ ಹೋಗುವ ಉಪಾಧ್ಯಾಯರು ದೊಡ್ಡ ಪಾಠವೊಂದನ್ನು ಕಳೆದುಕೊಂಡಂತೆ. "ಒಂಬತ್ತು ಎಂಟಾದದ್ದೇಕೆ?" ಎಂದು ಕೇಳಿದ ಮಗುವಿಗೆ ವಿಜ್ಞಾನದ ಬಾಗಿಲು ಆಗಲೇ ತೆರೆದಿದೆ. ಪಟ್ಟಿ ಮರೆತುಹೋಗುತ್ತದೆ, ಕಾರಣ ಉಳಿಯುತ್ತದೆ.

ಪ್ಲೂಟೋ ಸೂರ್ಯನನ್ನೊಮ್ಮೆ ಸುತ್ತಲು ೨೪೮ ವರ್ಷಗಳು ಬೇಕು. ನಾವು ಅದನ್ನು ಕಂಡಂದಿನಿಂದ ಒಂದು ಸುತ್ತೂ ಮುಗಿದಿಲ್ಲ. ಅಷ್ಟರಲ್ಲಿಯೇ ಅದಕ್ಕೆ ಪಟ್ಟ ಕಟ್ಟಿ ಇಳಿಸಿಯೂ ಆಗಿದೆ. ೨೧೭೮ರ ವೇಳೆಗೆ ಆ ಸುತ್ತು ಪೂರ್ಣವಾದಾಗ ನಮ್ಮ ಮೊಮ್ಮಕ್ಕಳ ಮಕ್ಕಳು ಅದನ್ನು ಏನೆಂದು ಕರೆಯುವರೋ!