ಇ-ಮೇಲ್ ಶೋಧಕ ಸರ್ವರಿನ ಪ್ರಕ್ರಿಯೆ ಮಿತಿ: ಅರ್ಜಿದಾರರ ಮಾಹಿತಿಗಾಗಿ

ಸುರಪುರ ಅಥವಾ ಶಹಾಪುರದಿಂದ ಜಿಲ್ಲಾ ಕೇಂದ್ರವಾದ ಯಾದಗಿರಿಗೆ ಬಂದುಹೋಗಲು ಒಂದು ದಿನದ ಕೂಲಿ ಬಿಡಬೇಕಾದವರಿಗೆ ಇ-ಮೇಲ್ ಒಂದು ಅನುಕೂಲ. ಆದರೆ ಕಳುಹಿಸಿದ ಪತ್ರವು ಕೆಲವೊಮ್ಮೆ ತಡವಾಗಿ ತಲುಪುತ್ತದೆ. ಇದಕ್ಕಿರುವ ಒಂದು ತಾಂತ್ರಿಕ ಕಾರಣವನ್ನು ಇಲ್ಲಿ ವಿವರಿಸಲಾಗಿದೆ.

ಶೋಧಕದ ಕಾರ್ಯವಿಧಾನ

ಅನಪೇಕ್ಷಿತ ಪತ್ರಗಳನ್ನು (ಸ್ಪ್ಯಾಮ್) ಗುರುತಿಸಲು ಸ್ಪ್ಯಾಮ್‌ಅಸಾಸಿನ್ ಎಂಬ ಮುಕ್ತ ತಂತ್ರಾಂಶವು ವ್ಯಾಪಕವಾಗಿ ಬಳಕೆಯಲ್ಲಿದೆ. ಇದು ಪ್ರತಿ ಪತ್ರಕ್ಕೂ ಅಂಕ ನೀಡುತ್ತದೆ. ಸಾಮಾನ್ಯವಾಗಿ 5 ಅಥವಾ ಹೆಚ್ಚು ಅಂಕ ಪಡೆದ ಪತ್ರವನ್ನು ಸ್ಪ್ಯಾಮ್ ಎಂದು ಗುರುತಿಸುತ್ತದೆ, ತಾನಾಗಿ ಅಳಿಸುವುದಿಲ್ಲ. ಒಂದು ಪ್ರಕ್ರಿಯೆಯು ಒಮ್ಮೆಗೆ ಒಂದೇ ಪತ್ರವನ್ನು ಪರಿಶೀಲಿಸುತ್ತದೆ. ಬೇರೆ ಸೂಚನೆ ನೀಡದಿದ್ದಲ್ಲಿ ಏಕಕಾಲಕ್ಕೆ ಗರಿಷ್ಠ 5 ಪ್ರಕ್ರಿಯೆಗಳು ನಡೆಯುತ್ತವೆ.

ಮಿತಿಯ ನಿಗದಿ

ಒಂದು ಪತ್ರದ ಪರಿಶೀಲನೆಗೆ 10 ಸೆಕೆಂಡು ಬೇಕೆಂದು ಭಾವಿಸಿದರೆ, 5 ಪ್ರಕ್ರಿಯೆಗಳು ನಿಮಿಷಕ್ಕೆ 30 ಪತ್ರಗಳನ್ನು ಪರಿಶೀಲಿಸುತ್ತವೆ. ಕೊನೆಯ ದಿನಾಂಕದಂದು ನಿಮಿಷಕ್ಕೆ 60 ಪತ್ರಗಳು ಬಂದಲ್ಲಿ ಸರದಿ ಬೆಳೆಯುತ್ತಲೇ ಹೋಗುತ್ತದೆ.

ಹಾಗೆಂದು ಮಿತಿಯನ್ನು ಮನಬಂದಂತೆ ಹೆಚ್ಚಿಸುವುದು ಸೂಕ್ತವಲ್ಲ. ಇತರ ಕಾರ್ಯಗಳಿಗೆ ಬಳಕೆಯಾಗಿ ಸರ್ವರಿನಲ್ಲಿ 1,200 ಎಂಬಿ ಸ್ಮೃತಿ ಉಳಿದಿದ್ದು, ಪ್ರತಿ ಪ್ರಕ್ರಿಯೆಗೆ 100 ಎಂಬಿ ಬೇಕಾದಲ್ಲಿ, 12 ಪ್ರಕ್ರಿಯೆಗಳಿಗೆ ಮಾತ್ರ ಅವಕಾಶವಿದೆ. ಮಿತಿಯನ್ನು 10ಕ್ಕೆ ನಿಗದಿಪಡಿಸುವುದು ಸುರಕ್ಷಿತ. 30ಕ್ಕೆ ಏರಿಸಿದರೆ ಸರ್ವರು ಸ್ಮೃತಿಯ ಬದಲಿಗೆ ಡಿಸ್ಕನ್ನು ಬಳಸತೊಡಗಿ, 10 ಸೆಕೆಂಡಿನ ಕೆಲಸಕ್ಕೆ ಹಲವು ನಿಮಿಷಗಳು ಹಿಡಿಯುತ್ತವೆ. ಆಗ ಎಲ್ಲ ಪತ್ರಗಳೂ ತಡವಾಗುತ್ತವೆ. ಆದುದರಿಂದ ಮಿತಿಯನ್ನು ಪತ್ರಗಳ ಸಂಖ್ಯೆಗಿಂತ ಮೊದಲು ಲಭ್ಯ ಸ್ಮೃತಿಯನ್ನು ಆಧರಿಸಿ ನಿರ್ಧರಿಸಬೇಕು.

ಸರದಿ ಮಿತಿಮೀರಿದಾಗ ಸ್ವೀಕರಿಸುವ ಸರ್ವರು ಪತ್ರವನ್ನು ತಾತ್ಕಾಲಿಕವಾಗಿ ನಿರಾಕರಿಸಬಹುದು. ಕಳುಹಿಸುವ ಸರ್ವರು ಪುನಃ ಪುನಃ ಪ್ರಯತ್ನಿಸುತ್ತದೆ. ಈ ಅವಧಿಯಲ್ಲಿ ಪತ್ರವು ಕಳೆದುಹೋಗಿರುವುದಿಲ್ಲ, ತಲುಪಿಯೂ ಇರುವುದಿಲ್ಲ.

ಅರ್ಜಿದಾರರ ಗಮನಕ್ಕೆ

1. ಕೊನೆಯ ದಿನಾಂಕದವರೆಗೆ ಕಾಯದೆ ಮುಂಚಿತವಾಗಿ ಪತ್ರ ಕಳುಹಿಸುವುದು.
2. ಒಂದೇ ಪತ್ರವನ್ನು ಪದೇ ಪದೇ ಕಳುಹಿಸದಿರುವುದು. ಇದರಿಂದ ಸರದಿ ಇನ್ನಷ್ಟು ಬೆಳೆಯುತ್ತದೆ.
3. ವಿಷಯದ ಸಾಲನ್ನು ಖಾಲಿ ಬಿಡದೆ ಸೇವೆಯ ಹೆಸರು ಮತ್ತು ತಾಲ್ಲೂಕನ್ನು ನಮೂದಿಸುವುದು.
4. ದಾಖಲೆಗಳನ್ನು ಸ್ಪಷ್ಟವಾಗಿ ಓದಲು ಬರುವಷ್ಟು ಕಡಿಮೆ ಗಾತ್ರದಲ್ಲಿ ಸ್ಕ್ಯಾನ್ ಮಾಡಿ ಲಗತ್ತಿಸುವುದು.
5. ಪತ್ರ ತಲುಪಲಿಲ್ಲವೆಂಬ ಸೂಚನೆ ಹಿಂದಿರುಗಿ ಬಂದಲ್ಲಿ ಅದನ್ನು ಉಳಿಸಿಕೊಂಡು ಕಚೇರಿಯನ್ನು ಸಂಪರ್ಕಿಸುವುದು.

ಇ-ಮೇಲ್ ಕಳುಹಿಸಿದ ಮಾತ್ರಕ್ಕೆ ಅರ್ಜಿ ಸ್ವೀಕೃತವಾಯಿತೆಂದು ಭಾವಿಸಬಾರದು. ಸಕಾಲ ಯೋಜನೆಯಡಿ ಬರುವ ಸೇವೆಗಳಿಗೆ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆಯುಳ್ಳ ಸ್ವೀಕೃತಿಯನ್ನು ನೀಡಲಾಗುತ್ತದೆ. ಅರ್ಜಿದಾರರು ಈ ಸಂಖ್ಯೆಯನ್ನು ತಪ್ಪದೆ ಪಡೆದು ಜೋಪಾನವಾಗಿಟ್ಟುಕೊಳ್ಳಲು ಕೋರಲಾಗಿದೆ.