ರೂಪ ತಳೆಯುವ ವಸ್ತು, ಉಳಿಯುವ ಗುರುತು: ಶೀಲಾ ಗೌಡರ ಶಿಲ್ಪಕಲೆ ಮತ್ತು ಸಂಸ್ಕಾರಗಳ ದೈವಶಾಸ್ತ್ರ

ಸಂಸ್ಕಾರಗಳನ್ನು ಬೋಧಿಸುವಾಗ ನೀರು, ಎಣ್ಣೆ, ರೊಟ್ಟಿ, ದ್ರಾಕ್ಷಾರಸಗಳನ್ನು 'ವಸ್ತು' ಎಂದು ಹೆಸರಿಸಿ, ಮರುಕ್ಷಣವೇ ಅವುಗಳ ಅರ್ಥದತ್ತ ಸಾಗುವುದು ವಾಡಿಕೆ. ವಸ್ತುವು ಎಲ್ಲಿಂದ ಬಂತು, ಯಾರ ಕೈ ದಾಟಿ ಬಂತು, ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆಗಳು ಹಿಂದೆಯೇ ಉಳಿಯುತ್ತವೆ. ಸಮಕಾಲೀನ ಕಲೆಯ ಒಂದು ಧಾರೆಯು ಈ ಪ್ರಶ್ನೆಗಳನ್ನೇ ತನ್ನ ಕೇಂದ್ರವಾಗಿ ಇರಿಸಿಕೊಂಡಿದೆ. ಅದರ ಪ್ರಮುಖ ಪ್ರತಿನಿಧಿಗಳಲ್ಲೊಬ್ಬರು ನಮ್ಮ ಭದ್ರಾವತಿಯಲ್ಲೇ ಹುಟ್ಟಿದವರು ಎಂಬುದು ಇಲ್ಲಿನ ಗುರುಗಳಿಗೂ ಗುರುವಿದ್ಯಾರ್ಥಿಗಳಿಗೂ ತಿಳಿದಿರಬೇಕಾದ ಸಂಗತಿ.

1. ಕಲಾವಿದೆ ಮತ್ತು ಅವರ ವಸ್ತುಗಳು

ಶೀಲಾ ಗೌಡರು 1957ರಲ್ಲಿ ಭದ್ರಾವತಿಯಲ್ಲಿ ಜನಿಸಿದರು. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ ಹಾಗೂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ವ್ಯಾಸಂಗ ಮಾಡಿದ ಅವರು ಮೂಲತಃ ವರ್ಣಚಿತ್ರಕಾರರು. 1990ರ ದಶಕದ ಆರಂಭದಲ್ಲಿ ದೇಶವನ್ನು ನಡುಗಿಸಿದ ಕೋಮುಹಿಂಸೆಯ ಹಿನ್ನೆಲೆಯಲ್ಲಿ ಅವರು ತೈಲವರ್ಣವನ್ನು ಬಿಟ್ಟು ಸಗಣಿಯನ್ನು ಕೈಗೆತ್ತಿಕೊಂಡರು. ಮನೆಯಂಗಳ ಸಾರಿಸುವ, ಬೆರಣಿಯಾಗಿ ಉರಿಯುವ, ಪವಿತ್ರವೆಂದೂ ಎಣಿಸಲ್ಪಡುವ ಈ ವಸ್ತು ಆ ದಿನಗಳಲ್ಲಿ ರಾಜಕೀಯ ಅರ್ಥವನ್ನೂ ಹೊತ್ತಿತ್ತು.

1998ರ 'ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಕೃತಿಯಲ್ಲಿ ಅವರು ಉದ್ದನೆಯ ದಾರಗಳನ್ನು ಸೂಜಿಗಳಿಗೆ ಪೋಣಿಸಿ, ಒಟ್ಟುಗೂಡಿಸಿ, ಕುಂಕುಮ ಬೆರೆತ ಅಂಟಿನಿಂದ ಹಗ್ಗವಾಗಿಸಿದರು. ಗೋಡೆಗಳ ಮೇಲೆ ತೂಗಿ ನೆಲದಲ್ಲಿ ಸುರುಳಿಗೊಳ್ಳುವ ಆ ಕೆಂಪು ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಉಳಿದಿವೆ. ಹೆಣ್ಣುಮಕ್ಕಳ ಮೌನ ದುಡಿಮೆ ಅಲ್ಲಿ ನರನಾಡಿಯಂತೆ ಕಾಣಿಸುತ್ತದೆ.

2007ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ನಡೆದ 12ನೆಯ ಡಾಕ್ಯುಮೆಂಟಾ ಪ್ರದರ್ಶನದಲ್ಲಿದ್ದ 'ಕೊಲ್ಯಾಟರಲ್' ಇನ್ನೂ ಸೂಕ್ಷ್ಮವಾದುದು. ಊದುಬತ್ತಿಯ ಹಿಟ್ಟನ್ನು ನಾನಾ ಆಕಾರಗಳಲ್ಲಿ ಜಾಲರಿಯ ಮೇಲಿರಿಸಿ ಸುಡಲಾಯಿತು. ಆಕಾರ ಕೆಡದೆ ಬೂದಿ ಮಾತ್ರ ಉಳಿಯಿತು. ಒಂದು ಉಸಿರು ಸಾಕು, ಅದು ಚದುರಲು.

2009ರ 'ಬಿಹೋಲ್ಡ್' ಕೃತಿಯಲ್ಲಿ ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು ನಾಲ್ಕು ಕಿಲೋಮೀಟರು ಉದ್ದದ ಹಗ್ಗವು ಕಾರುಗಳ ಉಕ್ಕಿನ ಬಂಪರುಗಳನ್ನು ಹೊತ್ತು ತೂಗುತ್ತದೆ. ಹರಕೆಗಾಗಿ ದೇವಸ್ಥಾನದಲ್ಲಿ ಮುಡಿ ಕೊಟ್ಟಾಗ ಉದ್ದನೆಯ ಕೂದಲು ವ್ಯಾಪಾರಕ್ಕೆ ಹೋಗುತ್ತದೆ. ತುಂಡುಗೂದಲು ಹಗ್ಗವಾಗಿ, ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕಟ್ಟಲ್ಪಡುತ್ತದೆ. ಹರಕೆ, ಮಾರುಕಟ್ಟೆ, ಭಯ ಈ ಮೂರನ್ನೂ ದಾಟಿ ಬಂದ ಕೂದಲು ಶಿಲ್ಪವಾದ ಮೇಲೂ ಕೂದಲೇ ಆಗಿರುತ್ತದೆ.

ಚಲನಚಿತ್ರ ಮಾಧ್ಯಮದಲ್ಲಿ ಇದಕ್ಕೆ ಸಮೀಪದ ಉದಾಹರಣೆ ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಜ್ ಅವರ ಅನಿಮೇಷನ್. 1989ರಿಂದ ಅವರು ರಚಿಸುತ್ತ ಬಂದಿರುವ ಕಿರುಚಿತ್ರಗಳಲ್ಲಿ ಪ್ರತಿ ಚಲನೆಗೂ ಹೊಸ ಹಾಳೆ ಬಳಸುವುದಿಲ್ಲ. ಒಂದೇ ಹಾಳೆಯ ಮೇಲೆ ಇದ್ದಿಲಿನಿಂದ ಬರೆದು, ಚಿತ್ರೀಕರಿಸಿ, ಒರೆಸಿ, ಮತ್ತೆ ಬರೆಯುತ್ತಾರೆ. ಒರೆಸಿದ್ದು ಪೂರ್ತಿಯಾಗಿ ಅಳಿಯದೆ ಮಸಿಯ ನೆರಳಾಗಿ ಉಳಿಯುತ್ತದೆ. ವರ್ಣಭೇದ ನೀತಿಯ ನಾಡಿನಲ್ಲಿ ಆ ನೆರಳಿಗೆ ಸಾಕ್ಷಿಯ ಬೆಲೆಯಿದೆ.

2. ಹೋಲಿಕೆಯ ಮಿತಿ

ಇಂಥ ಕೃತಿಗಳನ್ನು ಕಂಡೊಡನೆ ಅವುಗಳಿಗೆ ದೀಕ್ಷಾಸ್ನಾನ ಕೊಡಿಸಲು ಹೊರಡುವುದು ಸರಿಯಲ್ಲ. ಕಲಾವಿದರು ಕ್ರೈಸ್ತ ಅರ್ಥವನ್ನು ಉದ್ದೇಶಿಸಿದ್ದಾರೆಂದು ಹೇಳಲು ನಮಗೆ ಅಧಿಕಾರವಿಲ್ಲ. ತಾತ್ತ್ವಿಕವಾಗಿಯೂ ಇಲ್ಲೊಂದು ಮೂಲಭೂತ ವ್ಯತ್ಯಾಸವಿದೆ. ಶಿಲ್ಪದಲ್ಲಿ ರೂಪ ಬದಲಾಗುತ್ತದೆ, ವಸ್ತುವಿನ ಸತ್ತ್ವ ಉಳಿಯುತ್ತದೆ. ಪರಮಪ್ರಸಾದದಲ್ಲಿ, ತ್ರೆಂತ್ ಮಹಾಸಭೆಯು 1551ರಲ್ಲಿ ಬೋಧಿಸಿದಂತೆ, ರೊಟ್ಟಿ ಮತ್ತು ದ್ರಾಕ್ಷಾರಸದ ಸತ್ತ್ವವೇ ಬದಲಾಗುತ್ತದೆ, ತೋರಿಕೆಗಳು ಉಳಿಯುತ್ತವೆ. ಇವೆರಡನ್ನೂ ಒಂದೆನ್ನುವುದು ಕಲೆಗೂ ವಿಶ್ವಾಸಕ್ಕೂ ಅನ್ಯಾಯ.

ಆದರೂ ಈ ಕಲೆಯು ನಮ್ಮ ಬೋಧನೆಯ ಒಂದು ಅಂಶವನ್ನು ಮತ್ತೆ ಗಮನಿಸುವಂತೆ ಮಾಡುತ್ತದೆ. ತೋರಿಕೆಗಳು ಇರುವ ತನಕ ಮಾತ್ರ ಸಂಸ್ಕಾರದಲ್ಲಿ ಕ್ರಿಸ್ತರ ಸಾನ್ನಿಧ್ಯವಿರುತ್ತದೆ ಎಂಬುದು ಸಂತ ತೋಮಸ್ ಅಕ್ವಿನಾಸರಿಂದ ಇಂದಿನ ಧರ್ಮೋಪದೇಶದವರೆಗೆ ಧರ್ಮಸಭೆಯ ಸ್ಥಿರ ಬೋಧನೆ. ಎಂದರೆ, ಮುರಿಯುವ, ಕರಗುವ, ಕೆಡುವ ವಸ್ತುವಿನ ಆಯುಷ್ಯಕ್ಕೆ ಪ್ರಭು ತಮ್ಮ ಈ ಸಾನ್ನಿಧ್ಯವನ್ನು ಒಪ್ಪಿಸಿದ್ದಾರೆ. ವಸ್ತುವಿನ ಅಸ್ಥಿರತೆಯನ್ನು ಅವರು ಅಡ್ಡಿಯೆಂದು ಎಣಿಸಲಿಲ್ಲ, ಅದನ್ನೇ ಮಾರ್ಗವಾಗಿ ಆರಿಸಿಕೊಂಡರು. ಎಂಟನೆಯ ಶತಮಾನದಲ್ಲಿ ದಮಾಸ್ಕಸಿನ ಸಂತ ಯೊವಾನ್ನರು ಪವಿತ್ರ ಚಿತ್ರಗಳ ಪರ ವಾದಿಸುವಾಗ, ದೇವರು ಮನುಷ್ಯಾವತಾರದಲ್ಲಿ ಜಡವಸ್ತುವನ್ನು ತಮ್ಮದಾಗಿಸಿಕೊಂಡದ್ದರಿಂದ ವಸ್ತುವನ್ನು ತಿರಸ್ಕರಿಸಲಾಗದು ಎಂಬ ನೆಲೆಯನ್ನೇ ಹಿಡಿದರು.

ಎರಡನೆಯ ಅಂಶ ಗುರುತಿನದು. ಸಂತ ಯೊವಾನ್ನರ ಶುಭಸಂದೇಶದ 20ನೆಯ ಅಧ್ಯಾಯದಲ್ಲಿ ಪುನರುತ್ಥಾನ ಹೊಂದಿದ ಕ್ರಿಸ್ತರ ದೇಹ ಮಹಿಮೆಯನ್ನು ಪಡೆದಿದೆ, ಆದರೆ ಗಾಯಗಳು ಉಳಿದಿವೆ. ಅದೇ ಅಧ್ಯಾಯದಲ್ಲಿ ಮಗ್ದಲದ ಮರಿಯಳಿಗೆ ತಮ್ಮನ್ನು ಹಿಡಿದಿಟ್ಟುಕೊಳ್ಳಬಾರದೆಂದು ಪ್ರಭು ಹೇಳುತ್ತಾರೆ. ಹಳೆಯದನ್ನು ಅಳಿಸುವುದೂ ಪುನರುತ್ಥಾನವಲ್ಲ, ಹಳೆಯದನ್ನೇ ಹಿಡಿದಿಡುವುದೂ ಪುನರುತ್ಥಾನವಲ್ಲ.

3. ಭದ್ರಾವತಿಯ ಪ್ರಬೋಧನಪೀಠದಿಂದ

ಈ ಮಾತು ಇಲ್ಲಿ ಕೇವಲ ಪಾಠವಲ್ಲ. ಒಮ್ಮೆ ಬೆಂಕಿಪುರವೆಂದು ಕರೆಯಲ್ಪಟ್ಟ ಈ ಊರು ವಸ್ತುವಿನ ರೂಪಾಂತರದಿಂದಲೇ ಬದುಕಿದ್ದು. ಮೈಸೂರು ಸಂಸ್ಥಾನವು 1918ರಲ್ಲಿ ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಗೆ ತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರ ಸುಟ್ಟ ಇದ್ದಿಲು, ಸಾವಿರಾರು ಕಾರ್ಮಿಕರ ಬೆವರು ಸೇರಿ ಕಬ್ಬಿಣವಾಯಿತು. 1936ರಲ್ಲಿ ಬಂದ ಕಾಗದದ ಕಾರ್ಖಾನೆಯಲ್ಲಿ ಬಿದಿರು, ಮರಗಳು ಹಾಳೆಯಾದವು. ಕಾಗದದ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಅದೇ ವರ್ಷ ಕೆಲಸ ಭಾಗಶಃ ಮರಳಿದರೂ ಮನೆಗಳಲ್ಲಿನ ಆತಂಕ ತೀರಲಿಲ್ಲ.

ಇಂಥ ಊರಿನಲ್ಲಿ 'ಹಳೆಯದನ್ನು ಮರೆಯಿರಿ, ದೇವರು ಹೊಸದನ್ನು ಕೊಡುವರು' ಎಂದು ಬೋಧಿಸುವುದು ಸುಲಭ. 'ಆ ಕಾಲ ಮತ್ತೆ ಬರುತ್ತದೆ' ಎನ್ನುವುದೂ ಸುಲಭ. ಮೊದಲನೆಯದು ಗಾಯಗಳಿಲ್ಲದ ಕ್ರಿಸ್ತರನ್ನು ಸಾರುತ್ತದೆ. ಎರಡನೆಯದು ಮಗ್ದಲದ ಮರಿಯಳಂತೆ ಹಿಡಿದಿಡಲು ಹವಣಿಸುತ್ತದೆ. ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತ ಕೈಗಳ ದುಡಿಮೆ ದೇವರ ಮುಂದೆ ಅಳಿಸಿಹೋಗುವುದಿಲ್ಲ, ಮುಂದಿನ ಬದುಕಿನ ರೂಪ ಯಾವುದೇ ಆಗಲಿ ಆ ಗುರುತು ಅದರೊಳಗೆ ಇರುತ್ತದೆ ಎಂಬುದೇ ಪಾಸ್ಕದ ಭರವಸೆ. ಜೊತೆಗೆ, ಗುರುತು ಉಳಿಯುತ್ತದೆ ಎಂಬ ಮಾತು ನ್ಯಾಯಕ್ಕೆ ಬದಲಿಯಾಗದು. ಗಾಯಗಳನ್ನು ತೋರಿಸಿದ ಪ್ರಭು ಅವು ಗಾಯಗಳಲ್ಲ ಎನ್ನಲಿಲ್ಲ.

ಪೂಜಾವಿಧಿಯಲ್ಲಿ ಇದನ್ನು ತೋರಿಸಲು ಹೊಸದೇನನ್ನೂ ಸೇರಿಸಬೇಕಿಲ್ಲ. ಕಾಣಿಕೆಯ ಸಮಯದಲ್ಲಿ ರೊಟ್ಟಿಯನ್ನು ಭೂಮಿಯ ಫಲವೆಂದೂ ಮಾನವರ ದುಡಿಮೆಯ ಫಲವೆಂದೂ ಅರ್ಪಿಸುತ್ತೇವೆ. ಆ ಪ್ರಾರ್ಥನೆಯನ್ನು ಅವಸರಪಡದೆ, ಜನರಿಗೆ ಕೇಳಿಸುವಂತೆ ಹೇಳೋಣ. ವಿಭೂತಿ ಬುಧವಾರದ ಬೂದಿ ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳಿಂದಲೇ ಬರುತ್ತದೆ. ಜಯಘೋಷದ ಗರಿ ಪಶ್ಚಾತ್ತಾಪದ ಬೂದಿಯಾಗುವ ಈ ಕ್ರಮವನ್ನು ವಿಚಾರಣೆಯ ಜನ ತಮ್ಮ ಮನೆಯ ಗರಿಗಳನ್ನೇ ತಂದು, ಅವು ಸುಡುವುದನ್ನು ಕಣ್ಣಾರೆ ಕಾಣಲಿ. ಹಣೆಯ ಮೇಲಿನ ಆ ಬೂದಿ ಸಂಜೆಯೊಳಗೆ ಅಳಿಸಿಹೋಗುತ್ತದೆ. ಅದನ್ನು ಧರಿಸಿದವರನ್ನು ದೇವರು ಮರೆಯುವುದಿಲ್ಲ ಎಂದು ಹೇಳುವ ಹೊಣೆ ನಮ್ಮದು.